ಹೊನ್ನಯ್ಯ ಹೇಳಿದ ದೋಷ

ಕಾರಿನ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ನೋಡಿದ ಹೊನ್ನಯ್ಯ ತಕ್ಷಣ ಅದನ್ನು ಮತ್ತೆ ಮುಚ್ಚಿದ. ಒಳಗೆ ಸುತ್ತುತ್ತ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚಬೇಕಾದ, ಹೆಬ್ಬೆರಳಿನಷ್ಟು ದಪ್ಪದ ಕರಿಯ ತುಂಡು ಅಲ್ಲಿರಲಿಲ್ಲ. ಮುರಿದು ಬಿದ್ದಿರಲಿಲ್ಲ, ಸವೆದಿರಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದರು.

"ಏನು ಸಿಕ್ತು?" ಬೆನ್ನ ಹಿಂದಿನಿಂದ ಇನ್ಸ್‌ಪೆಕ್ಟರು ಕೇಳಿದರು.

"ಇನ್ನೂ ನೋಡ್ತಿದೀನಿ ಸ್ವಾಮಿ."

ಯಂತ್ರದ ವಿಷಯದಲ್ಲಿ ಹೊನ್ನಯ್ಯ ಆಡಿದ ಮೊದಲ ಸುಳ್ಳು ಅದು. ಭದ್ರಾವತಿಯಲ್ಲಿ ಶಿವಮೂರ್ತಪ್ಪನವರ ಲಾರಿ ಶೆಡ್ಡಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದ. ಇದು ಹೋಗಿದೆ ಎಂದು ಅವನು ಅಂದರೆ ಅದೇ ಹೋಗಿರುತ್ತಿತ್ತು. ಕೆಟ್ಟಿರದ ಭಾಗವನ್ನು ಕೆಟ್ಟಿದೆಯೆಂದು ಹೇಳಿ ಬದಲಾಯಿಸುವ ಮೆಕ್ಯಾನಿಕ್ಕುಗಳ ಜೊತೆ ಅವನು ಕೂತು ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಈ ಹೊತ್ತು ಬೋಲ್ಟು ಕೊಳ್ಳಲೆಂದು ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಬಂದವನನ್ನು ಕಾನ್‌ಸ್ಟೇಬಲ್ ಒಬ್ಬ ಅಂಗಡಿಯಿಂದಲೇ ಎಬ್ಬಿಸಿ, ಕೋಟೆ ಬೀದಿಯ ಈ ಮನೆಗೆ ಕರೆತಂದಿದ್ದ.

ಮನೆ ಅಡಿಕೆ ಮಂಡಿಯ ಓಂಕಾರಪ್ಪನವರದು. ಹನ್ನೆರಡು ವರ್ಷದ ಹಳೆಯ ಕಾರು ಅಂಗಳದಲ್ಲಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ನಲವತ್ತೆರಡರ ಸೆಪ್ಟೆಂಬರ್ ಅದು. ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಜನ ಚಾವಡಿಯ ಮೇಲೆ ಬಾವುಟ ಹಾರಿಸಿದ್ದರು. ಅವರಿಗೆ ಮುಂದಾಳಾದ ಮೇಷ್ಟರು ಅಲ್ಲೇ ಅಡಗಿದ್ದಾರೆಂದು ಇನ್ಸ್‌ಪೆಕ್ಟರಿಗೆ ಸುದ್ದಿ ಬಂದಿತ್ತು. ಪೊಲೀಸರ ಲಾರಿಗಳೆರಡೂ ಸಾಗರದ ಕಡೆ ಹೋಗಿದ್ದವು. ಹಾಗಾಗಿ ಓಂಕಾರಪ್ಪನವರ ಕಾರು ಬೇಕಾಗಿತ್ತು. ಅದು ನಿನ್ನೆ ಸಂಜೆಯವರೆಗೆ ಊರೆಲ್ಲ ತಿರುಗಿ, ಈವತ್ತು ಬೆಳಿಗ್ಗೆ ಮಾತ್ರ ಹೊರಡಲಾರೆ ಎಂದು ಕೂತುಬಿಟ್ಟಿತ್ತು.

ಡ್ರೈವರ್ ಭೂತಪ್ಪ ಮಡ್‌ಗಾರ್ಡಿನ ಪಕ್ಕ ಕೈಕಟ್ಟಿ ನಿಂತಿದ್ದ. ಅವನ ಎಡಗೆನ್ನೆ ಊದಿತ್ತು. ಆಗಲೇ ಎರಡೇಟು ಬಿದ್ದಿದ್ದವು. ಹೊನ್ನಯ್ಯ ಮುಚ್ಚಳ ಮುಚ್ಚಿದಾಗ ಭೂತಪ್ಪ ಒಮ್ಮೆ ಮಾತ್ರ ಕಣ್ಣೆತ್ತಿ ನೋಡಿದ. ಮದುವೆಮನೆ, ಸಂತೆ ಎಂದು ಹೋದಲ್ಲೆಲ್ಲ ಕಳ್ಳರ ಭಯಕ್ಕೆ ಆ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಡ್ರೈವರುಗಳ ಪದ್ಧತಿ. ಅದು ಕಾಣೆಯಾದರೆ ಮೊದಲು ಹಿಡಿಯುವುದು ಡ್ರೈವರನ್ನೇ.

"ಯಾರೋ ಬೇಕಂತ ಕೆಡಿಸಿದಾರೆ ಅಂತ ನಂಗೆ ಗೊತ್ತು. ನೀನು ಬಾಯಿಬಿಟ್ಟು ಒಂದು ಮಾತು ಹೇಳು ಸಾಕು, ಇವನನ್ನ ಈಗಲೇ ಎಳಕೊಂಡು ಹೋಗ್ತೀನಿ" ಎಂದರು ಇನ್ಸ್‌ಪೆಕ್ಟರು.

"ಕೈ ಎಣ್ಣೆಯಾಗಿದೆ. ತೊಳಕೊಂಡು ಬಂದು ಹೇಳ್ತೀನಿ."

ಹಿತ್ತಿಲ ಬಾವಿಕಟ್ಟೆಯಲ್ಲಿ ಓಂಕಾರಪ್ಪನವರ ಹೆಂಡತಿ ಜಗದಾಂಬಾ ಕೊಡ ಹಿಡಿದು ನಿಂತಿದ್ದರು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ನೀರು ಹೊಯ್ಯಲು ಬಗ್ಗಿದಾಗ ಅವರ ಬೆರಳ ಸಂದಿಯಲ್ಲಿ ಕರಿಯ ಜಿಡ್ಡು ಕಂಡಿತು. ಅದು ಒಲೆಯ ಮಸಿಯಲ್ಲ ಎಂದು ತಿಳಿಯಲು ಹೊನ್ನಯ್ಯನಿಗೆ ಎರಡನೆಯ ಸಲ ನೋಡಬೇಕಾಗಲಿಲ್ಲ.

"ಎಲ್ಲಿಟ್ಟಿದೀರಮ್ಮ?" ಎಂದು ಮೆಲ್ಲಗೆ ಕೇಳಿದ.

ಅವರು ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. "ಉಪ್ಪಿನ ಮರಿಗೇಲಿ."

"ಉಪ್ಪಿಗೆ ಹಾಕಿದ್ರೆ ಹಿತ್ತಾಳೆ ಕಿಲುಬು ಹಿಡಿಯತ್ತೆ."

"ಅಷ್ಟೆಲ್ಲ ನಂಗೇನು ಗೊತ್ತಪ್ಪ. ಭೂತಪ್ಪ ತೆಗೆಯೋದನ್ನ ನೋಡಿದ್ದೆ, ತೆಗೆದೆ. ಅಲ್ಲಿ ಅಡಗಿರೋ ಮೇಷ್ಟ್ರು ನನ್ನ ತಮ್ಮ." ಮತ್ತೆ ಕೊಡ ಬಗ್ಗಿಸುತ್ತ ಅಂದರು. "ಸುದ್ದಿ ಮುಟ್ಟಿಸೋಕೆ ಮಂಡಿಯ ಭೈರಪ್ಪ ಸೈಕಲ್ಲಲ್ಲಿ ಹೋಗಿದಾನೆ. ಅವನು ಹೊಳೆ ದಾಟೋ ತನಕ ಈ ಕಾರು ಇಲ್ಲೇ ಇರಬೇಕು. ಇನ್ನೂ ಮೂರು ತಾಸು ಬೇಕು ಅಂದ್ಕೊ. ಈಗ ಹೋಗಿ ಹೇಳ್ತೀಯೇನು, ಹೇಳು. ನಾನೇ ತೆಗೆದಿದ್ದು ಅಂತ ನಾನೂ ಹೇಳ್ತೀನಿ. ಭೂತಪ್ಪನ್ನ ಮುಟ್ಟೋದು ಬೇಡ."

ಹೊನ್ನಯ್ಯ ಕಾಂಗ್ರೆಸ್ಸಿನವನಲ್ಲ. ಮುಷ್ಕರದಿಂದ ಲಾರಿಗಳು ನಿಂತಾಗ ಗೊಣಗಿದವನು. ಆದರೆ ಕೆನ್ನೆ ಊದಿಸಿಕೊಂಡೂ ಬಾಯಿ ಬಿಡದೆ ನಿಂತಿದ್ದ ಭೂತಪ್ಪ ಅಂಗಳದಲ್ಲಿದ್ದ. ಇಲ್ಲಿ ಈ ತಾಯಿ, ಕೈಯ ಜಿಡ್ಡನ್ನೂ ಮರೆಮಾಡದೆ ಅವನ ಕೈಗೆ ನೀರು ಹಾಕುತ್ತಿದ್ದರು. ನಿನ್ನ ಒಂದು ಮಾತು ಸಾಕು ಎಂದ ಇನ್ಸ್‌ಪೆಕ್ಟರರ ದನಿ ನೆನಪಾಗಿ ಅವನಿಗೆ ಮೈ ಉರಿಯಿತು. ತನ್ನ ಮಾತನ್ನು ಅವರು ತಮ್ಮ ಕೈಯ ಲಾಠಿಯೆಂದುಕೊಂಡಿದ್ದರು.

"ಆ ತುಂಡು ಈಗಲೇ ಕೊಡಿ."

ಜಗದಾಂಬಾ ಅವನ ಮುಖ ನೋಡಿದರು.

"ಅವರೂ ಮುಚ್ಚಳ ತೆಗೆದು ನೋಡ್ತಾರೆ. ಆಗ ಭೂತಪ್ಪನೂ ಉಳಿಯಲ್ಲ, ನೀವೂ ಉಳಿಯಲ್ಲ. ತುಂಡು ಅಲ್ಲೇ ಇರಬೇಕು, ಕಾರು ಹೊರಡಬಾರದು. ಅದನ್ನ ನಂಗೆ ಬಿಡಿ."

ಅವರು ಒಳಗೆ ಹೋಗಿ ಬಂದರು. ಒರೆಸಿಕೊಳ್ಳಲು ಕೊಟ್ಟ ಬಟ್ಟೆಯ ಮಡಿಕೆಯಲ್ಲಿ ತುಂಡಿತ್ತು.

ಅಂಗಳಕ್ಕೆ ಬಂದ ಹೊನ್ನಯ್ಯ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದ. ತುಕ್ಕಿನ ನೀರು ಅಂಗಳದ ಕಲ್ಲುಗಳ ನಡುವೆ ಹರಿಯಿತು. ಇನ್ಸ್‌ಪೆಕ್ಟರು ಬೂಟು ಒದ್ದೆಯಾದೀತೆಂದು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಅವನು ಬಾನೆಟ್ಟಿನೊಳಗೆ ಬಗ್ಗಿ, ಮುಚ್ಚಳ ಎತ್ತಿ, ತುಂಡನ್ನು ಅದರ ಜಾಗಕ್ಕೆ ಒತ್ತಿ ಆಗಿತ್ತು.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಸ್ವಾಮಿ. ಬಿಚ್ಚಬೇಕು."

"ಗ್ಯಾಸ್ಕೆಟ್ಟು?" ಇನ್ಸ್‌ಪೆಕ್ಟರು ಹತ್ತಿರ ಬಂದರು. "ನಂಗೂ ಸ್ವಲ್ಪ ಮೋಟಾರು ಗೊತ್ತಿದೆ ಕಣಯ್ಯ. ಹ್ಯಾಂಡಲ್ ಗಟ್ಟಿಯಾಗೇ ತಿರುಗ್ತಿತ್ತು. ಗ್ಯಾಸ್ಕೆಟ್ ಹೋಗಿದ್ರೆ ಸಡಿಲ ಆಗ್ತಿರಲಿಲ್ವ?"

ಓಂಕಾರಪ್ಪನವರು ಜಗಲಿಯ ಮೇಲೆ ಬೆವರುತ್ತ, "ಬೇಗ ಸರಿಮಾಡಪ್ಪ, ಸಾಹೇಬರಿಗೆ ಹೊತ್ತಾಗ್ತದೆ" ಎಂದರು. ಆ ಮನೆಯಲ್ಲಿ ಅವರಿಗೆ ಮಾತ್ರ ಏನೂ ತಿಳಿದಿರಲಿಲ್ಲ.

ಹೊನ್ನಯ್ಯ ಪಾನಾ ಹಿಡಿದು ನೆಟ್ಟಗೆ ನಿಂತ. "ತಮಗೆ ಗೊತ್ತಿದ್ರೆ ತಾವೇ ಸ್ಟಾರ್ಟ್ ಮಾಡಿಕೊಂಡು ಹೋಗಿ ಸ್ವಾಮಿ. ನನ್ನ ಕರೆಸಿದ್ಯಾಕೆ?"

ಇನ್ಸ್‌ಪೆಕ್ಟರು ಲಾಠಿಯನ್ನು ಕಂಕುಳಿನಿಂದ ಕೈಗೆ ತೆಗೆದುಕೊಂಡರು. ಹೊನ್ನಯ್ಯ ಅವರಿಗೆ ಬೆನ್ನು ಹಾಕಿ ಮೊದಲ ನಟ್ಟಿಗೆ ಪಾನಾ ಕೊಟ್ಟ. ಬೆನ್ನ ಮೇಲೆ ಏಟು ಈಗ ಬಿತ್ತು, ಈಗ ಬಿತ್ತು ಎಂದುಕೊಳ್ಳುತ್ತಲೇ ಒಂದಾದ ಮೇಲೊಂದು ನಟ್ಟು ಸಡಿಲಿಸಿ, ಗೋಣಿತಾಟಿನ ಮೇಲೆ ಸಾಲಾಗಿ ಇಡುತ್ತ ಹೋದ. ಏಟು ಬೀಳಲಿಲ್ಲ. ಅರ್ಧ ಬಿಚ್ಚಿದ ಕಾರನ್ನು ಮತ್ತೆ ಜೋಡಿಸಲು ಬೇರೆ ಯಾರೂ ಇಲ್ಲವೆಂಬುದು ಇನ್ಸ್‌ಪೆಕ್ಟರಿಗೆ ಅಷ್ಟರಲ್ಲಿ ಹೊಳೆದಿರಬೇಕು.

ಎಂಜಿನ್ನಿನ ಮೇಲಿನ ಹೆಡ್ಡು ಎತ್ತುವಾಗ ಭೂತಪ್ಪ ಕೈಜೋಡಿಸಿದ. ಅದರಡಿಯ ಗ್ಯಾಸ್ಕೆಟ್ಟಿನ ತಾಮ್ರದ ಹಾಳೆ ಇಡಿಯಾಗಿ, ಒಂದು ಗೀರೂ ಇಲ್ಲದೆ ಮಿನುಗಿತು. ಯಾವ ಮೆಕ್ಯಾನಿಕ್ಕಾದರೂ ಸಂತೋಷಪಡುವಂಥ ಹಾಳೆ. ಹೊನ್ನಯ್ಯನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅದರಡಿಗೆ ಸ್ಕ್ರೂಡ್ರೈವರ್ ತೂರಿಸಿ, ಅಂಟಿದ್ದನ್ನು ಬಿಡಿಸುವವನಂತೆ ಒಮ್ಮೆ ಮೀಟಿದ. ಎರಡು ಸಿಲಿಂಡರುಗಳ ನಡುವೆ ಹಾಳೆ ಹರಿಯಿತು.

"ನೋಡಿ" ಎಂದು ಅದನ್ನು ಇನ್ಸ್‌ಪೆಕ್ಟರರ ಮುಂದೆ ಹಿಡಿದ. "ಬೆಂಗಳೂರಿಂದ ಹೊಸದು ತರಿಸಬೇಕು."

ಅವರು ಹಾಳೆಯನ್ನು ನೋಡಲೇ ಇಲ್ಲ. ನೇರವಾಗಿ ಹೋಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಭೂತಪ್ಪ ಕಣ್ಣು ಮುಚ್ಚಿಕೊಂಡ. ತುಂಡು ಅದರ ಜಾಗದಲ್ಲಿ ಕೂತಿತ್ತು. ಇನ್ಸ್‌ಪೆಕ್ಟರು ಅದರ ಅಂಚನ್ನು ಬೆರಳಿನಿಂದ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದರು.

"ಇದೇನಿದು ಬೆಳ್ಳಗೆ?"

"ಹಳೇ ಕಾರು ಸ್ವಾಮಿ. ಬೂಷ್ಟು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಮೊದಲು ನೋಟ ತಿರುಗಿಸಿದವನು ಹೊನ್ನಯ್ಯನಲ್ಲ.

"ನಿನ್ನ ಯಜಮಾನ ಯಾರು ಅಂತ ಗೊತ್ತು ನಂಗೆ" ಎಂದಷ್ಟೇ ಹೇಳಿ ಇನ್ಸ್‌ಪೆಕ್ಟರು ಹೊರಟರು. ಒಳಗಿನ ಗಡಿಯಾರ ಆಗ ಎರಡು ಹೊಡೆಯಿತು. ಮಾರನೆಯ ದಿನ ಪೊಲೀಸ್ ಲಾರಿ ಆ ಹಳ್ಳಿ ಮುಟ್ಟಿದಾಗ ಮೇಷ್ಟರ ಮನೆಗೆ ಬೀಗ ಬಿದ್ದಿತ್ತು.

ನಾಲ್ಕನೆಯ ದಿನ ಶಿವಮೂರ್ತಪ್ಪನವರು ಹೊನ್ನಯ್ಯನನ್ನು ಶೆಡ್ಡಿನ ಕೋಣೆಗೆ ಕರೆದರು. ಮೇಜಿನ ಮೇಲೆ ಹೊನ್ನಯ್ಯನ ಹೆಸರಿನಲ್ಲಿ ಇನ್ಸ್‌ಪೆಕ್ಟರು ಬರೆಸಿ ಕಳಿಸಿದ ಕಾಗದವೊಂದಿತ್ತು. ಡ್ರೈವರ್ ಭೂತಪ್ಪನು ಬೇಕೆಂದೇ ಕಾರು ಕೆಡಿಸಿದ್ದನ್ನು ತಾನು ಕಂಡೆನೆಂದೂ, ಹೆದರಿ ಆ ದಿನ ಸುಳ್ಳು ದೋಷ ಹೇಳಿದೆನೆಂದೂ ಅದರಲ್ಲಿತ್ತು.

"ಒಂದು ರುಜು ಹಾಕಿಬಿಡು ಮಾರಾಯ" ಎಂದರು ಶಿವಮೂರ್ತಪ್ಪ. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ನನ್ನ ರೇಷನ್ ಪೆಟ್ರೋಲಿನ ಕೂಪನ್ನು ಅವರ ಕೈಲಿದೆ. ನಿಲ್ಲಿಸಿದ್ರೆ ಆರು ಲಾರಿ ನಿಲ್ತವೆ. ಆ ಭೂತಪ್ಪ ನಿಂಗೇನು ನೆಂಟನಾ?"

"ನೆಂಟನಲ್ಲ."

"ಮತ್ತೆ?"

"ಆ ಕಾರಿನ ಗ್ಯಾಸ್ಕೆಟ್ ಹೋಗಿತ್ತು. ಹದಿನೆಂಟು ವರ್ಷದಲ್ಲಿ ನಾನು ಹೇಳಿದ ದೋಷ ತಪ್ಪು ಅಂತ ನೀವು ಒಂದು ಸಲನಾದ್ರೂ ಅಂದಿದೀರಾ? ಈಗಲೂ ಅದು ತಪ್ಪಲ್ಲ. ಇದಕ್ಕೆ ನಾನು ರುಜು ಹಾಕಲ್ಲ."

"ಹಾಕದಿದ್ರೆ ನಿನ್ನ ಇಟ್ಕೊಳ್ಳೋಕಾಗಲ್ಲ ಹೊನ್ನಯ್ಯ."

"ಅದು ನಂಗೂ ಗೊತ್ತು."

ಶೆಡ್ಡಿನ ಪಾನಾಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ನೇತುಹಾಕಿ ಅವನು ಮನೆಗೆ ಬಂದ. ಹೆಂಡತಿ ಕರಿಯಮ್ಮ ರಾಗಿ ಬೀಸುತ್ತಿದ್ದಳು. ಎಲ್ಲವನ್ನೂ ಕೇಳಿ ಬೀಸುಗಲ್ಲು ನಿಲ್ಲಿಸಿದಳು.

"ಒಳ್ಳೇ ಗ್ಯಾಸ್ಕೆಟ್ಟನ್ನ ಹರಿದ್ರಾ?"

"ಹರಿದೆ."

"ಕೈ ಬಂತಾ ನಿಮಗೆ?"

"ಮೊದಲು ಬರಲಿಲ್ಲ."

ಅವಳು ಮತ್ತೆ ಬೀಸುಗಲ್ಲಿನ ಗೂಟ ಹಿಡಿದಳು.

ಮರುದಿನ ಬೆಳಿಗ್ಗೆ ಕಬ್ಬಿಣದ ಕಾರ್ಖಾನೆಯ ಕೂಗು ಕೇಳಿತು. ಬೀದಿಯ ಗಂಡಸರೆಲ್ಲ ಬುತ್ತಿ ಹಿಡಿದು ಸರಸರನೆ ನಡೆದರು. ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಒಬ್ಬರನ್ನೊಬ್ಬರು ಕರೆಯುತ್ತ ಹೋದರು. ಕೆಲವರು ಹೊನ್ನಯ್ಯನ ಮನೆಯ ಮುಂದೆ ಹೆಜ್ಜೆ ನಿಧಾನ ಮಾಡಿ, ಮುಂದೆ ನಡೆದರು. ಹೊನ್ನಯ್ಯ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬಾಗಿಲ ಮುಂದಿನ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿದ್ದ. ಎಲ್ಲರೂ ಹೋದ ಮೇಲೆ ಈ ಬೀದಿ ಹೇಗಿರುತ್ತದೆಂದು ಅವನು ಒಮ್ಮೆಯೂ ನೋಡಿರಲಿಲ್ಲ. ಎದುರು ಮನೆಯ ಕೋಳಿಯೊಂದು ಮರಿಗಳನ್ನು ಕರೆದುಕೊಂಡು ನಟ್ಟನಡು ರಸ್ತೆಗೆ ಬಂದು, ಅಲ್ಲೇ ನಿಂತು, ಅವಸರವಿಲ್ಲದೆ ಮಣ್ಣು ಕೆದಕತೊಡಗಿತು.