ಅಗಲವಾದ ಕಾಜಗಳು

ದರ್ಜಿಗೆ ಗುಂಡಿ ಹಾಕಲು ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಆಸ್ಪತ್ರೆಯ ನರ್ಸಮ್ಮ ಮಾತ್ರ ಪ್ರತಿ ಸಲವೂ ಕೇಳುತ್ತಿದ್ದಳು. ಮೂತ್ರಕೋಶದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿದ ಮೇಲೆ, ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡುವ ಪ್ರಯೋಗಕ್ಕೆ ಅವನನ್ನು ಸೇರಿಸಿಕೊಂಡಿದ್ದರು. ಅವುಗಳಲ್ಲೊಂದು ಬೆರಳುಗಳನ್ನು ಮರಗಟ್ಟಿಸುತ್ತದಂತೆ. ಅದಕ್ಕೇ ಡ್ರಿಪ್ ಏರಿಸುವ ಮುನ್ನ ಅಂಗಿಯ ಗುಂಡಿ ಬಿಚ್ಚಿ, ಮತ್ತೆ ಹಾಕಿ ತೋರಿಸಬೇಕು.

"ಭೇಷ್ ಯಜಮಾನ್ರೇ!" ಅನ್ನುತ್ತಿದ್ದಳು ನರ್ಸಮ್ಮ. ಅವನು ಮದುಮಗನ ಹಾಗೆ ಬೀಗುತ್ತಿದ್ದ.

ಆ ಅಂಗಿ ಒಗೆಯುವಾಗ ಹೆಂಡತಿಗೆ ಗೊತ್ತಾಯಿತು. ಗುಂಡಿ ತೂರುವ ಕಾಜಗಳನ್ನೆಲ್ಲ ಕತ್ತರಿಸಿ ಅಗಲ ಮಾಡಿದ್ದ. ಸುತ್ತ ಹಾಕಿದ ಹೊಲಿಗೆ ಸೊಟ್ಟಸೊಟ್ಟ. ಅಂಥ ಹೊಲಿಗೆ ಹಾಕಿದ ಕೆಲಸದವನಿಗೆ ಅವನೇ ಹಿಂದೆ ಬಾಗಿಲು ತೋರಿಸಿದ್ದುಂಟು.

"ಏನ್ರೀ ಇದು?"

"ಬಾಯಿ ಬಿಟ್ರೆ ಔಷಧಿ ನಿಲ್ಲಿಸ್ತಾರೆ ಕಣೇ. ಗಡ್ಡೆ ಅರ್ಧಕ್ಕರ್ಧ ಕರಗಿದೆ ಅಂತ ನೀನೂ ಕೇಳಿಸ್ಕೊಂಡೆಯಲ್ಲ? ಬೆರಳು ಹೋದ್ರೆ ಹೋಗ್ಲಿ."

ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಕಾಯಿಲೆಯ ಹೆಸರು ಕೇಳಿದ ದಿನದಿಂದ ಎದೆಯೊಳಗೆ ಯಾರೋ ಹತ್ತಿ ತುರುಕಿದಂತಾಗಿತ್ತು. ಅಂಗಿಯನ್ನು ಹಿಂಡಿ ಒಣಹಾಕಿದಳು. ಮುಂದಿನ ಸಲ ಆಸ್ಪತ್ರೆಯಲ್ಲಿ ಅವನು ಬೀಗುವಾಗ ಪಕ್ಕದಲ್ಲೇ ಕೂತು ಸುಮ್ಮನೆ ನಕ್ಕಳು. ಗಂಡ ಬದುಕಬೇಕಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಅಂಗಡಿಯಿಂದ ಸುಟ್ಟ ವಾಸನೆ ಬಂತು. ಬಟ್ಟೆ ಸುಟ್ಟಿರಬೇಕು ಅಂದುಕೊಂಡು ಓಡಿ ಬಂದರೆ, ಕಾದ ಇಸ್ತ್ರಿಪೆಟ್ಟಿಗೆಗೆ ಬೆರಳು ತಾಗಿಸಿಕೊಂಡು ಅವನು ಗಿರಾಕಿಯ ಜೊತೆ ಹರಟುತ್ತಿದ್ದ. ಅವಳು ಕೈ ಎಳೆದಾಗ, "ಏನಾಯ್ತೇ?" ಅಂದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವಳೇ ಡಾಕ್ಟರ ಮುಂದೆ ಎಲ್ಲ ಹೇಳಿಬಿಟ್ಟಳು. ಅವನು ಅವಳನ್ನು ನುಂಗುವಂತೆ ನೋಡಿದ.

ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದರು. "ಮೊದಲೇ ಹೇಳಿದ್ರೆ ಪ್ರಮಾಣ ಕಮ್ಮಿ ಮಾಡಿ ಮುಂದುವರಿಸ್ತಿದ್ವಿ ಯಜಮಾನ್ರೇ. ಈಗ ಆ ಔಷಧಿ ನಿಲ್ಲಿಸ್ಲೇಬೇಕು. ಇನ್ನೊಂದನ್ನ ಮಾತ್ರ ಮುಂದುವರಿಸ್ತೀವಿ."

"ಅದೊಂದೇ ಸಾಕಾ?" ಅವಳು ಕೇಳಿದಳು.

"ನೋಡೋಣಮ್ಮ. ಭಾಷೆ ಕೊಡೋಕಾಗಲ್ಲ."

"ಬೆರಳು?"

ಅದಕ್ಕೂ ಅವರು ನೋಡೋಣ ಅಂದರು.

ಹೊರಗೆ ಬಂದ ಮೇಲೂ ಅವನು ಮುಖ ತಿರುಗಿಸಿಕೊಂಡೇ ನಡೆದ. ತಾನು ಅವನನ್ನು ಉಳಿಸಿದೆನೋ ಕೊಂದೆನೋ ಅವಳಿಗೆ ತಿಳಿಯಲಿಲ್ಲ. ದೊಡ್ಡ ರಸ್ತೆ, ಎಡೆಬಿಡದೆ ಬಸ್ಸುಗಳು. ಅವಳು ಅವನ ಕೈ ಹಿಡಿದುಕೊಂಡು ದಾಟಿದಳು. ಆಚೆ ಬದಿ ತಲುಪಿದ ಮೇಲೂ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಸಿಟ್ಟು ಇಳಿದಿರಬೇಕು ಅಂದುಕೊಂಡು ಗಟ್ಟಿಯಾಗಿ ಅದುಮಿದಳು.

ಬಸ್‌ಸ್ಟಾಪಿನಲ್ಲಿ ಅವನು ಯಾಕೋ ಕೆಳಗೆ ನೋಡಿದ.

"ಲೇ, ನನ್ನ ಕೈ ಯಾವಾಗ ಹಿಡ್ಕೊಂಡೆ?"