ಇನ್ನೂರು ತಾಟು

“ಏ ಲೋಹಿತ್, ಆ ತಾಟು ಇನ್ನೊಮ್ಮೆ ತೊಳಸೋ! ಕರಿ ರಂಡೇರು ಮುಟ್ಟ್ಯಾರ. ಗಂಟಲಾಗ ಹೋಳಿಗಿ ಹ್ಯಾಂಗ ಇಳೀಬೇಕು?”

ವೀರಭದ್ರಪ್ಪ ಇದನ್ನು ನಗುತ್ತಲೇ, ಅಚಿಯೆಂಗ್‌ಳ ಮುಖ ನೋಡಿಕೊಂಡೇ ಹೇಳಿದ. ಲೋವರ್ ಹಟ್ ಎಂಬ ಪರದೇಶದ ಊರಿನ ಸಭಾಂಗಣದ ಹಿಂಬಾಗಿಲಲ್ಲಿ ಅವಳು ಟ್ರೇಲರಿನಿಂದ ಸ್ಟೀಲ್ ತಟ್ಟೆಗಳ ಕೊನೆಯ ಕ್ರೇಟ್ ಇಳಿಸುತ್ತಿದ್ದಳು. ಅವಳೂ ನಕ್ಕಳು.

“ಏನಂತೆ?” ಎಂದಳು ಗೆಳತಿ ನಾಕಾಟೊ.

“ತಟ್ಟೆ ಚೆನ್ನಾಗಿ ಹೊಳೀತಿವೆ ಅಂತೆ.”

ಕೀನ್ಯಾದ ಅಚಿಯೆಂಗ್, ಉಗಾಂಡಾದ ನಾಕಾಟೊ. ಇಬ್ಬರೂ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವರು. ಚೀಲಗಟ್ಟಲೆ ಕಸಕ್ಕೆ ಹೋಗುವ ಪೇಪರ್ ತಟ್ಟೆಗಳನ್ನು ನೋಡಿ ನೋಡಿ ರೋಸಿ, ಒಂದು ವರ್ಷದಿಂದ ಸ್ವಂತ ಕಸುಬು ಹಿಡಿದಿದ್ದರು. ಸಮಾರಂಭಕ್ಕೆ ಸ್ಟೀಲ್ ತಟ್ಟೆ ತರುವುದು, ಎಂಜಲನ್ನು ಗೊಬ್ಬರಕ್ಕೆ ಒಯ್ಯುವುದು, ತಟ್ಟೆ ತೊಳೆದಿಡುವುದು. ಚಳಿಗಾಲದಲ್ಲಿ ಊರೆಲ್ಲ ಸೇರುವ ಮಾತಾರಿಕಿ ಹಬ್ಬದ ಕೆಲಸ ಸಿಕ್ಕರೆ ಆಸ್ಪತ್ರೆ ಬಿಡಬಹುದಿತ್ತು. ಅದಕ್ಕೊಂದು ಸಂಘದ ಶಿಫಾರಸು ಪತ್ರ ಬೇಕು. ಕನ್ನಡ ಸಂಘದ ಅಧ್ಯಕ್ಷ ವೀರಭದ್ರಪ್ಪ, ಯುಗಾದಿ ಊಟ ಮುಗಿದ ಮೇಲೆ ಕೊಡುತ್ತೇನೆಂದಿದ್ದ.

ಅಚಿಯೆಂಗ್ ಧಾರವಾಡದಲ್ಲಿ ಮೂರು ವರ್ಷ ಓದಿದ್ದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಮನೆಯೊಡತಿ ಪದ್ಮಾವತಿ ಅವಳಿಗೆಂದೇ ಒಂದು ತಟ್ಟೆ ಇಟ್ಟಿದ್ದಳು. ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕ. ಅಚಿಯೆಂಗ್‌ಳ ಕನ್ನಡ ಪದ್ಮಾವತಿಯ ಬೈಗುಳದಿಂದಲೇ ಶುರುವಾದದ್ದು.

ಇನ್ನೂರು ತಟ್ಟೆ ಮತ್ತೆ ತೊಳೆಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ವೀರಭದ್ರಪ್ಪನ ಹೆಂಡತಿ ವಸಂತಾ ತೋರಣದಿಂದ ಒಂದು ಪ್ಲಾಸ್ಟಿಕ್ ಮಾವಿನೆಲೆ ಕಿತ್ತು, ಅರಿಶಿನದ ನೀರಿನಲ್ಲಿ ಅದ್ದಿ ತಟ್ಟೆಗಳ ಮೇಲೆ ಚಿಮುಕಿಸಿದಳು.

“ಶುದ್ಧ ಆತು. ಬಡಸ್ರಿ.”

ಬಡಿಸಿದ ಮೇಲೂ ಮೂವತ್ತು ತಟ್ಟೆ ಉಳಿದಿದ್ದವು. ಅಚಿಯೆಂಗ್ ಅದರಲ್ಲೊಂದನ್ನು ತೆಗೆದುಕೊಂಡಳು. ವಸಂತಾ ಕಿತ್ತುಕೊಂಡಳು.

“ಏ ಏ, ಅದರಾಗಲ್ಲ! ಲೋಹಿತ್, ಹೇಳೋ ಆಕಿಗಿ. ಮುಂದಿನ ಹಬ್ಬಕ್ಕ ನಾವು ಅದರಾಗ ಉಣ್ಣೂದಿಲ್ಲೇನು?”

ಬಡಿಸುತ್ತಿದ್ದ ಸಂಘದ ಹುಡುಗ ಲೋಹಿತ್ ಎರಡು ಪೇಪರ್ ತಟ್ಟೆಗಳನ್ನು ತುಂಬಿ ತಂದ. “ಸಾರಿ ಲೇಡೀಸ್, ಹೊರಗೆ ಆರಾಮಾಗಿ ಕೂತ್ಕೊಳ್ಳಿ ಅಂತ. ಬೈ ದ ವೇ, ವೆರಿ ಸಸ್ಟೇನಬಲ್! ಲವ್ ಇಟ್!” ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದ.

ಕಸದ ಡಬ್ಬಿಗಳ ಪಕ್ಕ ಕೂತು ನಾಕಾಟೊ ಹೋಳಿಗೆ ಮುರಿದಳು. “ಒಳಗೆ ಜಾಗ ಇಲ್ಲವೇನೋ, ಪಾಪ. ತುಂಬಾ ರುಚಿ ಇದೆ. ಪತ್ರ ಇವತ್ತೇ ಕೊಡ್ತಾರಾ?”

ಅಚಿಯೆಂಗ್ ತನ್ನ ತಟ್ಟೆಯನ್ನು ನೆಲಕ್ಕಿಟ್ಟು ಎದ್ದಳು.

ಒಳಗೆ ವೀರಭದ್ರಪ್ಪ ಮೈಕು ಹಿಡಿದು, ಬಾಯಿ ತುಂಬ ಅನ್ನವಿಟ್ಟುಕೊಂಡೇ ಪರಿಸರಸ್ನೇಹಿ ಯುಗಾದಿಯ ಬಗ್ಗೆ ಹೇಳುತ್ತಿದ್ದ. ಅವಳನ್ನು ಕಂಡು ಜೇಬಿನಿಂದ ಲಕೋಟೆ ಅರ್ಧ ಎಳೆದ. ಲೋಹಿತ್ ಫೋಟೋಗೆ ಫೋನ್ ಎತ್ತಿದ. ಅವಳು ಲಕೋಟೆ ಬಿಟ್ಟು ಮೈಕು ತೆಗೆದುಕೊಂಡಳು.

“ಎಲ್ಲಾರೂ ಹೊಟ್ಟಿ ತುಂಬ ಉಣ್ರಿ,” ಎಂದಳು, ಕನ್ನಡದಲ್ಲಿ.

ಯಾರದೋ ಕೈಯಿಂದ ಹಪ್ಪಳ ಬಿತ್ತು.

“ಮುಂಜಾನೆ ಕ್ರೇಟ್ ತುಂಬೂಕಿಂತ ಮೊದಲ ನಾವಿಬ್ರು ಕರಿ ರಂಡೇರು ಇದರಾಗಿನ ಎರಡು ತಾಟಿನಾಗ ನಾಷ್ಟಾ ಮಾಡೀವಿ. ತೊಳದೀವಿ. ಖರೆ, ಯಾವ ಎರಡು ಅಂತ ನನಗೂ ಗೊತ್ತಿಲ್ಲರಿ.”

ನೂರೆಪ್ಪತ್ತು ಕೈಗಳು ಅನ್ನದಲ್ಲಿ ನಿಂತವು. ವೀರಭದ್ರಪ್ಪನ ಬಾಯಿಯ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವನು ಲಕೋಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ.

ಅಚಿಯೆಂಗ್ ಉಳಿದ ಮೂವತ್ತರಲ್ಲಿ ಒಂದು ತಟ್ಟೆ ಎತ್ತಿ, ವಸಂತಾಳ ಮುಂದೆ ಹಿಡಿದಳು.

“ಹೋಳಿಗಿ ಹಾಕ್ರಿ, ಆಂಟಿ.”