ಎಂಟು ಕಾಲಿನ ತೊಗಲು

ದೆಂಬಿರೆಲ್‌ನ ಕಾಲೂ ಅವನ ಎಡಗಡೆಯ ಹಲಗೆಯೂ ಒಂದೇ ಸದ್ದಿನಲ್ಲಿ ಮುರಿದವಂತೆ. ಯಾವುದು ಮೊದಲು ಎಂದು ಕೇಳಿದರೆ ದೆಂಬಿರೆಲ್, ನನ್ನ ಗಂಡ, ಇವತ್ತಿಗೂ ಹಲಗೆ ಎನ್ನುತ್ತಾನೆ. ಕಾಲು ಮೊದಲು ಎಂದರೆ ತಪ್ಪು ಅವನದಾಗುತ್ತದಲ್ಲ! ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಇದನ್ನು ಪೇಟೆಯವರು ಸ್ಕೀ ಎನ್ನುತ್ತಾರೆ. ನಮ್ಮ ಬಾಯಲ್ಲಿ ಬರೀ ಹಲಗೆ.

ಅವನು ಹೊರಟಿದ್ದು ಕುದುರೆಗಳನ್ನು ತರಲು. ಆ ವರ್ಷ ಹಿಮ ಇಪ್ಪತ್ತು ದಿನ ಮೊದಲೇ ಬಂತು, ಮೂರು ದಿನ ಬಿಡದೆ ಸುರಿಯಿತು. ನಮ್ಮ ಏಳು ಕುದುರೆಗಳು, ಆ ವರ್ಷದ ಮರಿಯೂ ಸೇರಿ, ಬೆಟ್ಟದ ನೆತ್ತಿಯ ಏಣಿನ ಆಚೆ, ಬೇಸಿಗೆಯಲ್ಲಿ ಮೇಯುವ ಮೇಲ್ಮಾಳದಲ್ಲೇ ಉಳಿದುಬಿಟ್ಟವು. ಎದೆಮಟ್ಟ ಹಿಮದಲ್ಲಿ ಕುದುರೆ ನಡೆಯಲಾರದು. ನಿಂತಲ್ಲೇ ತುಳಿದು ಹಳ್ಳ ಮಾಡಿಕೊಂಡು ಅದರೊಳಗೆ ನಿಲ್ಲುತ್ತದೆ. ಹದಿನೈದು ದಿನ ನಿಂತೀತು. ಆಮೇಲೆ ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ. ಅಷ್ಟರೊಳಗೆ ಯಾರಾದರೂ ಹಲಗೆ ಕಟ್ಟಿಕೊಂಡು ಹತ್ತಿ, ಹಿಮವನ್ನು ತುಳಿದು ಗಟ್ಟಿಮಾಡಿ, ಅವಕ್ಕೊಂದು ದಾರಿ ಹಾಕಿಕೊಡಬೇಕು.

ನಾಲ್ಕನೆಯ ದಿನ ದೆಂಬಿರೆಲ್ ಹೊರಟ. ಊರ ಹಿಂದಿನ ಇಳಿಜಾರಿನಲ್ಲೇ ಬಿದ್ದ. ಪಕ್ಕದ ಮನೆಯ ಶೆನ್ನೆ ಅಜ್ಜಿಯ ನಾಯಿ ಬೊಗಳದಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ. ಅಜ್ಜಿ, ನಾನು ಸೇರಿ ಹಸುವಿನ ಚರ್ಮದ ಮೇಲೆ ಅವನನ್ನು ಎಳೆದು ತಂದೆವು. ಊರಿನಲ್ಲಿದ್ದದ್ದು ಒಂಬತ್ತು ಜೊತೆ ಹಲಗೆ. ಮಿಕ್ಕ ಎಂಟೂ ತಂತಮ್ಮ ಕುದುರೆಗಳ ಹಿಂದೆ ಬೇರೆ ಬೇರೆ ಕಣಿವೆಗಳಿಗೆ ಹೋಗಿಯಾಗಿತ್ತು. ಯಾರನ್ನು ಕೇಳುವುದು?

ಅಜ್ಜಿ ಅವನ ಕಾಲಿಗೆ ದಬ್ಬೆ ಕಟ್ಟುವಾಗ ನಾನು ಒಲೆಯ ಹಿಂದೆ ಒಣಗಲು ನಿಲ್ಲಿಸಿದ್ದ, ಇನ್ನೂ ಕೆತ್ತದ ಎರಡು ಸ್ಪ್ರೂಸ್ ಮರದ ಸೀಳುಗಳನ್ನು ನೋಡುತ್ತಿದ್ದೆ. ವಸಂತದಲ್ಲಿ ಅವನೇ ಸೀಳಿಟ್ಟದ್ದು.

"ಏನ್ ನೋಡ್ತಿದೀಯ?" ಎಂದ, ಹಲ್ಲು ಕಚ್ಚಿಕೊಂಡೇ.

"ನಾನೇ ಮಾಡ್ತೀನಿ."

"ಏನನ್ನ?"

"ಹಲಗೇನ. ನಾನೇ ಮಾಡ್ತೀನಿ, ನಾನೇ ಹೋಗ್ತೀನಿ."

ಅವನು ನಕ್ಕ. ನಕ್ಕದ್ದರಿಂದ ಕಾಲು ನೋವಾಗಿ ಬೈದ. "ಬಾಚಿ ಹಿಡಿದು ಗೊತ್ತೇನೇ ಚೋದುರಾ ನಿಂಗೆ? ನಿನ್ನ ಕಾಲನ್ನೂ ಕೆತ್ತಿಕೊಂಡ್ರೆ ಇಬ್ಬರೂ ಅಕ್ಕಪಕ್ಕ ಬಿದ್ಕೊಂಡು ಜಂತೆ ಎಣಿಸೋಣ."

"ಎಣಿಸೋಕೆ ಜಂತೆ ಇರೋದೇ ಆರು. ಬೆಳಿಗ್ಗೆ ಶುರುಮಾಡ್ತೀನಿ," ಎಂದೆ.

ನಮ್ಮಲ್ಲಿ ಮರ ಗಂಡಸರದು, ತೊಗಲು ಹೆಂಗಸರದು. ಹದಿನೆಂಟು ವರ್ಷ ನಾನು ತೊಗಲು ಹದಮಾಡಿ ಕಟ್ಟು ಕಟ್ಟಿ ಅವನ ಕೈಗೆ ಕೊಟ್ಟಿದ್ದೆ, ಅವನು ಅಂಗಳದ ಕೊಟ್ಟಿಗೆಯಲ್ಲಿ ಕೂತು ಒಂದೊಂದೇ ತುಂಡನ್ನು ಹಲಗೆಗೆ ಬಡಿದಿದ್ದ. ಕೊಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂದು ನಾನು ಇಣುಕಿದವಳಲ್ಲ. ಅದು ನನಗೆ ಮುಂದೆ ದುಬಾರಿಯಾಯಿತು.

ಎರಡು ದಿನ ಕೆತ್ತಿದೆ. ಮಲಗಿದಲ್ಲಿಂದಲೇ ಅವನ ಮೇಸ್ತ್ರಿಕೆ. ಕಾಣುತ್ತಿರಲಿಲ್ಲ ಅವನಿಗೆ, ಆದರೆ ಸದ್ದು ಕೇಳಿಯೇ ಗದರುತ್ತಿದ್ದ.

"ಎಳೆಗೆ ಅಡ್ಡ ಹೊಡೀತಿದೀಯ! ತಿರುಗಿಸ್ಕೋ!"

ತಿರುಗಿಸಿದರೆ ಬಾಚಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಅವನು ಹೇಳಿದ್ದು ಸರಿಯಾಗಿತ್ತೆಂದು ನಾನೇನೂ ಬಾಯಿಬಿಟ್ಟು ಹೇಳಲಿಲ್ಲ. ನಡುವೆ ಎರಡು ಬೆರಳು ದಪ್ಪ, ತುದಿಗೆ ಬರುತ್ತಾ ಬರುತ್ತಾ ತೆಳು. ಎತ್ತರ ನಾನು ಕೈ ಎತ್ತಿ ನಿಂತಷ್ಟು. ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಬೆಳಕು ಮಾತ್ರ.

ಮುಂದಿನ ತುದಿಯನ್ನು, ಅಂದರೆ ಮೂತಿಯನ್ನು, ಮೇಲಕ್ಕೆ ಬಾಗಿಸುವುದು ಉಳಿದಿತ್ತು. ಹಂಡೆಯಲ್ಲಿ ನೀರು ಕುದಿಸಿ ಎರಡರ ತುದಿಗಳನ್ನೂ ಅದರಲ್ಲಿ ನಿಲ್ಲಿಸಿದೆ. ಎರಡು ಸಲ ಚಹಾ ಕಾಯಿಸಿ ಕುಡಿಯುವಷ್ಟು ಹೊತ್ತು. ಮನೆಯೆಲ್ಲಾ ಕಾಡಿನ ವಾಸನೆ. ಆಮೇಲೆ ತುದಿಯನ್ನು ಗೋಡೆಯ ದಿಮ್ಮಿಗಳ ಸಂದಿಗೆ ತೂರಿಸಿ, ಇನ್ನೊಂದು ಕೊನೆಯ ಮೇಲೆ ನನ್ನ ಭಾರ ಬಿಟ್ಟೆ. ಈಗ ಸೀಳುತ್ತದೆ, ಈಗ ಸೀಳುತ್ತದೆ ಎಂದು ಉಸಿರು ಹಿಡಿದಿದ್ದೆ. ಒಂದು ಸದ್ದಿಲ್ಲ. ಅಷ್ಟು ವರ್ಷ ಆಕಾಶವನ್ನೇ ನೋಡಿಕೊಂಡು ನೇರ ಬೆಳೆದ ಮರ ನನ್ನ ಹೊಟ್ಟೆಯ ಕೆಳಗೆ ಮೆತ್ತಗೆ ತಲೆ ಬಾಗಿಸಿತು. "ಬಗ್ತು," ಎಂದೆ, ನನಗೇ ಕೇಳಿಸದಷ್ಟು ಸಣ್ಣಗೆ.

"ಬಗ್ದೇ ಎಲ್ಲಿಗೆ ಹೋಗುತ್ತೆ? ನಿನ್ನ ಭಾರ ಏನು ಕಮ್ಮಿನಾ?" ಎಂದ. ಆದರೆ ತಲೆ ಎತ್ತಿ ನೋಡಲು ಒದ್ದಾಡುತ್ತಿದ್ದ.

ಮೂತಿ ಒಣಗುವ ಮೂರು ದಿನದಲ್ಲಿ ತೊಗಲು ಹೊಲಿದೆ. ಹಿಮಕ್ಕೆ ಮುಂಚೆಯೇ ಚಳಿಗಾಲದ ಮಾಂಸಕ್ಕೆಂದು ಎರಡು ಕುದುರೆ ಕೊಯ್ದಿದ್ದೆವು: ಮುದಿ ಬೂದು ಹೆಣ್ಣು ಒಂದು, ನಾಲ್ಕು ವರ್ಷದ ಕೆಂಪು ಗಂಡು ಒಂದು; ನಮ್ಮ ಬಾಯಲ್ಲಿ ಅವಳು ಬೂದಿ, ಅವನು ಕೆಂಪ. ಕುದುರೆಯ ಮೊಣಕಾಲಿನಿಂದ ಗೊರಸಿನವರೆಗಿನ ತೊಗಲಿನ ಮೇಲೆ ಕೂದಲು ಗಿಡ್ಡ, ಒತ್ತು, ನುಣುಪು. ಅದನ್ನು ಹಲಗೆಯ ಅಡಿಗೆ ಬಿಗಿದರೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿ ಹಿಡಿಯುತ್ತದೆ. ಒಂದು ಕುದುರೆಗೆ ನಾಲ್ಕು ಕಾಲು, ಒಂದು ಹಲಗೆಗೆ ನಾಲ್ಕು ತುಂಡು. ಬೂದಿಯ ಕಟ್ಟು ಒಂದು, ಕೆಂಪನ ಕಟ್ಟು ಒಂದು, ನಾನೇ ಕಟ್ಟಿಟ್ಟದ್ದು. ಲೆಕ್ಕ ಎಷ್ಟು ಚೆನ್ನಾಗಿದೆ ಎಂದುಕೊಂಡೆ. ದಬ್ಬಣ ಹಿಡಿದು ಒಂದೊಂದು ಕಟ್ಟನ್ನು ಒಂದೊಂದು ಪಟ್ಟಿಯಾಗಿ ಹೊಲಿದೆ.

"ಕೂದಲು ಹಿಂದಕ್ಕೆ ತಾನೇ?" ಅವನು ಕೇಳಿದ.

"ಹಿಂದಕ್ಕೆ. ಅಷ್ಟೂ ಗೊತ್ತಿಲ್ವಾ ನಂಗೆ?"

"ಸರಿ ಹಾಗಾದ್ರೆ."

ಬೇರೆ ಏನೂ ಅವನು ಕೇಳಲಿಲ್ಲ. ಗೊತ್ತಿರುತ್ತದೆ ಎಂದುಕೊಂಡ. ಹತ್ತನೆಯ ದಿನ ಹಸಿ ತೊಗಲನ್ನು ಎಳೆದು ಅಂಚಿಗೆ ಮೊಳೆ ಹೊಡೆದೆ, ಒಲೆಯ ದೂರದ ಕಾವಿಗೆ ಒಣಗಿಸಿದೆ. ಹನ್ನೊಂದನೆಯ ದಿನದ ಬೆಳಿಗ್ಗೆ ಉದ್ದ ಕೋಲೊಂದನ್ನು ಹಿಡಿದು ದನದ ಕೊಟ್ಟಿಗೆಯ ಹಿಂದಿನ ಹಿಮಕ್ಕೆ ಇಳಿದೆ.

ಎದೆಮಟ್ಟ ಹಿಮದ ಮೇಲೆ ನಿಂತೆ, ಮುಳುಗಲಿಲ್ಲ! ಆ ಸಂತೋಷ ಹತ್ತು ಹೆಜ್ಜೆ ಇತ್ತು. ಹತ್ತನೆಯ ಹೆಜ್ಜೆಗೆ ನೋಡುತ್ತೇನೆ, ಏಣಿನ ಕಡೆ ಹೊರಟವಳು ಕೊಟ್ಟಿಗೆಯ ಕಡೆ ಮುಖಮಾಡಿದ್ದೇನೆ. ತಿರುಗಿ ಹೊರಟೆ. ಮತ್ತೆ ಕೊಟ್ಟಿಗೆ. ಬಲಗಾಲು ಹಿಮವನ್ನು ಕಚ್ಚಿ ಹಿಡಿಯುತ್ತದೆ, ಎಡಗಾಲು ಹಿಂದಕ್ಕೆ ಜಾರುತ್ತದೆ. ಏರಿನಲ್ಲಂತೂ ಎರಡಾಳೆತ್ತರವೂ ಹತ್ತಲಾಗಲಿಲ್ಲ. ಮೂರು ಸಲ ಬಿದ್ದೆ.

ಶೆನ್ನೆ ಅಜ್ಜಿ ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. "ಏನ್ ಮಗಾ, ಯಾರಾದ್ರೂ ನಿನ್ನ ಗೂಟಕ್ಕೆ ಕಟ್ಟಿದಾರಾ? ಅಲ್ಲಲ್ಲೇ ಸುತ್ತು ಹಾಕ್ತಿದೀಯ?"

"ಹಲಗೆ ಸರಿಯಿಲ್ಲ ಅಜ್ಜಿ." ಅಳು ಬರುತ್ತಿತ್ತು. ಹನ್ನೊಂದು ದಿನ ಹೋಗಿತ್ತು.

"ಹಲಗೆ ಸರಿಯಾಗೇ ಇದೆ. ತಿರುಗಿಸು, ಅಡಿ ನೋಡೋಣ." ಕೈಗವಸು ಕಳಚಿ ಒಂದರ ಅಡಿಯನ್ನು ಸವರಿದಳು. ಇನ್ನೊಂದನ್ನು ಸವರಿದಳು. ಮತ್ತೆ ಮೊದಲನೆಯದು. ಆಮೇಲೆ ನನ್ನ ಮುಖ ನೋಡಿದಳು. "ಇದು ನಿಮ್ಮ ಬೂದಿ. ಇದು ಆ ಕೆಂಪ."

"ಹೌದು."

"ಒಂದು ಪೂರ್ತಿ ಬೂದಿ, ಒಂದು ಪೂರ್ತಿ ಕೆಂಪ?"

"ಹೌದಜ್ಜಿ, ನಾಲ್ಕು ನಾಲ್ಕು."

ಅಜ್ಜಿ ಎಷ್ಟು ನಕ್ಕಳೆಂದರೆ ಚಹಾ ಚೆಲ್ಲಿತು. "ಅಯ್ಯೋ ನನ್ನ ಬಂಗಾರ! ಆ ಮುದುಕಿ ಇಪ್ಪತ್ತು ವರ್ಷ ಕಲ್ಲು ಮುಳ್ಳು ತುಳಿದವಳು, ಅವಳ ಕೂದಲು ಮೊಳೆ ಇದ್ದ ಹಾಗೆ. ಆ ಕೆಂಪ ಮೊನ್ನೆ ಹುಟ್ಟಿದವನು, ರೇಷ್ಮೆ. ಒಬ್ಬಳು ಹಿಡೀತಾಳೆ, ಒಬ್ಬ ಜಾರ್ತಾನೆ. ಇಬ್ಬರನ್ನೂ ಎರಡು ಹಲಗೇಲೂ ಬೆರೆಸಬೇಕು ಕಣೇ. ಮುಂದೆ ಒಂದು ಇವನದು, ಹಿಂದೆ ಒಂದು ಅವಳದು. ನಿನ್ನ ಗಂಡ ಹೇಳ್ಲಿಲ್ವಾ?"

ಒಳಗೆ ಹೋಗಿ ಕೇಳಿದೆ. ದೆಂಬಿರೆಲ್ ಜಂತೆಯ ಕಡೆ ತಿರುಗಿದ. "ಅದನ್ನ ಹೇಳೋದು ಏನಿದೆ ಅಂದ್ಕೊಂಡಿದ್ದೆ," ಎಂದ. "ಉಸಿರಾಡು ಅಂತ ಯಾರಾದ್ರೂ ಹೇಳ್ತಾರಾ?"

"ಹೇಳ್ಬೇಕು ಮಾರಾಯ. ಉಸಿರಾಡೋದನ್ನ ಕೊಟ್ಟಿಗೇಲಿ ಬಾಗಿಲು ಹಾಕ್ಕೊಂಡು ಮಾಡಿದ್ರೆ, ಹೇಳ್ಬೇಕು."

ಮೊಳೆ ಕೀಳಲು ಕೂತೆ. ಸ್ವಲ್ಪ ಹೊತ್ತಿಗೆ ಅವನೇ "ಇಲ್ಲಿ ಕೊಡು" ಎಂದು ಒಂದು ಹಲಗೆಯನ್ನು ಎದೆಯ ಮೇಲೆ ಇರಿಸಿಕೊಂಡು, ಮಲಗಿಕೊಂಡೇ ಮೊಳೆ ಕಿತ್ತ. ಹೊಲಿಗೆ ಬಿಚ್ಚಿ, ನೆನೆಸಿ, ಬೆರೆಸಿ, ಮತ್ತೆ ಹೊಲಿದೆವು. ಅವನು ದಬ್ಬಣ ಹಿಡಿದದ್ದು ಅದೇ ಮೊದಲು. ಅವನ ಹೊಲಿಗೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹನ್ನೆರಡನೆಯ ದಿನವೆಲ್ಲಾ ಅದಕ್ಕೇ ಹೋಯಿತು.

ಹದಿಮೂರನೆಯ ಬೆಳಿಗ್ಗೆ ಹುರಿಹಿಟ್ಟು, ಒಣಗಿದ ಮೊಸರುಗಟ್ಟಿ ಚೀಲಕ್ಕೆ ಹಾಕಿಕೊಂಡೆ. ಹಾಲುಚಹಾದ ಮೊದಲ ಸೌಟನ್ನು ನಮ್ಮನ್ನು ಕಾಯುವ ಅಲ್ತಾಯ್ ಬೆಟ್ಟಗಳ ಕಡೆಗೆ ಚಿಮುಕಿಸಿದೆ.

"ಏಣಿನ ಬಲಗಡೆ ಹೋಗ್ಬೇಡ, ಹಿಮ ಜಾರುತ್ತೆ," ಎಂದ ದೆಂಬಿರೆಲ್. ಆಮೇಲೆ, "ಅವು ಮಲಗಿಬಿಟ್ಟಿದ್ರೆ ಅಲ್ಲಿ ಕೂತ್ಕೊಂಡು ಅಳ್ಬೇಡ. ಸೀದಾ ಬಾ."

ಹತ್ತಿದೆ. ಆ ಹತ್ತುವಿಕೆಯನ್ನು ಹೇಗೆ ಹೇಳಲಿ? ಒಂದು ಕಾಲು ಮುಂದಿಟ್ಟರೆ ಕೂದಲು ಹಿಮದ ಮೇಲೆ ಮಲಗಿ ಜಾರುತ್ತದೆ. ಭಾರ ಬಿಟ್ಟರೆ ಅದೇ ಕೂದಲು ಎದ್ದು ಹಿಡಿಯುತ್ತದೆ. ಸಾವಿರ ಸಾವಿರ ಕೂದಲು, ಒಂದೂ ನನ್ನನ್ನು ಹಿಂದಕ್ಕೆ ಬಿಡಲಿಲ್ಲ. ಎರಡೂ ಕಾಲಿನಡಿ ಎರಡೂ ಕುದುರೆ ಒಂದೇ ಹೆಜ್ಜೆಯಲ್ಲಿ ಬೆಟ್ಟ ಹತ್ತುತ್ತಿದ್ದವು. ಬೇಸಿಗೆಯಲ್ಲಿ ನನ್ನ ತಲೆಗಿಂತ ಎತ್ತರವಾಗಿದ್ದ ಪೊದೆಗಳ ತುದಿಗಳು ಈಗ ಕಣಕಾಲಿಗೆ ತಾಗುತ್ತಿದ್ದವು. ನಾನು ಪೊದೆಗಳ ಮೇಲೆ ನಡೆಯುತ್ತಿದ್ದೆ.

ನೆತ್ತಿಗೆ ಸೂರ್ಯ ಬಂದಾಗ ಏಣಿನ ಮೇಲಿದ್ದೆ. ಗಾಳಿ ಇಲ್ಲ. ನಾಲ್ಕೂ ಕಡೆ ಬಿಳುಪು, ಒಂದರ ಹಿಂದೆ ಒಂದು ಬೆಟ್ಟ, ಎಲ್ಲಿಯೂ ಒಂದು ಗುರುತಿಲ್ಲ. ನನ್ನ ಹಿಂದೆ ಎರಡು ಗೆರೆ ಮಾತ್ರ. ಇಷ್ಟು ದೊಡ್ಡದರ ಮೇಲೆ ನಾನು ಕೆತ್ತಿದ ಎರಡು ಗೆರೆ! ಟೋಪಿ ತೆಗೆದು ಸುಮ್ಮನೆ ನಿಂತೆ. ಆಮೇಲೆ ಕೋಲನ್ನು ಹಿಂದಕ್ಕೆ ಊರಿ, ಅದರ ಮೇಲೆ ಒರಗಿ, ಕಾಲು ಬಿಟ್ಟೆ. ಹಲಗೆ ಹಾಡುವ ಹಾಗೆ ಸುಯ್ಯೆಂದಿತು. ಮೇಲ್ಮಾಳ ತಾನೇ ಎದ್ದು ನನ್ನ ಕಡೆಗೆ ಬಂತು.

ಮರಗಳ ಅಂಚಿನಲ್ಲಿ ಹಳ್ಳ ಕಂಡಿತು. ಹಳ್ಳದಲ್ಲಿ ಬೆನ್ನುಗಳು. ಒಂದು, ಎರಡು, ಮೂರು... ಆರು ನಿಂತಿದ್ದವು. ಏಳನೆಯದು ಮಲಗಿಬಿಟ್ಟಿತ್ತು, ಅದರ ಮೇಲೆ ಆಗಲೇ ಗಾಳಿ ತಂದ ಹಿಮ ಕೂತಿತ್ತು. ನಿಂತವುಗಳ ಬಾಲಗಳಲ್ಲಿ ಕೂದಲೇ ಇರಲಿಲ್ಲ. ಹಸಿವಿಗೆ ಒಂದರ ಬಾಲವನ್ನು ಇನ್ನೊಂದು ತಿಂದು ಮುಗಿಸಿದ್ದವು. ಹೆಸರು ಹಿಡಿದು ಕರೆದೆ. ಒಂದೇ ಒಂದು ಕಿವಿ ತಿರುಗಿತು.

ಹುರಿಹಿಟ್ಟನ್ನು ಅಂಗೈಯಲ್ಲಿ ಸ್ವಲ್ಪ ಸ್ವಲ್ಪ ನೆಕ್ಕಿಸಿ, ಕೆಲಸಕ್ಕೆ ಹೊರಟೆ. ಅಡ್ಡ ನಿಂತು, ಒಂದು ಹಲಗೆಯ ಪಕ್ಕ ಇನ್ನೊಂದನ್ನು ಒತ್ತಿ ಒತ್ತಿ, ಹಳ್ಳದಿಂದ ಏಣಿನವರೆಗೆ ಕುದುರೆಯ ಅಗಲದ ದಾರಿ ತುಳಿದೆ. ಹೋದೆ, ಬಂದೆ, ಮತ್ತೆ ಹೋದೆ. ತುಳಿದ ಹಿಮ ಚಳಿಗೆ ಕಲ್ಲಾಗಬೇಕು, ಅಲ್ಲಿಯವರೆಗೆ ಕಾಯಬೇಕು. ಬೇಸಿಗೆಯಲ್ಲಿ ನಾವು ತಂಗುವ ಗುಡಿಸಲಲ್ಲಿ ರಾತ್ರಿಯೆಲ್ಲಾ ಕಾದೆ.

ಬೆಳಿಗ್ಗೆ ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣು ಕುದುರೆಯ ಕೊರಳಿಗೆ ಹಗ್ಗ ಹಾಕಿದೆ. ಮುಂದಾಳು ಅದೇ. ದಾರಿಯ ಅಂಚಿಗೆ ಬಂದು ನಿಂತುಬಿಟ್ಟಿತು. ಎದೆಮಟ್ಟ ಮುಳುಗಿದ ನೆನಪು ಮೈಯಲ್ಲಿತ್ತು. ನಾನು ಎಳೆಯಲಿಲ್ಲ. ಅದು ಮೂಗಿನಿಂದ ಹಿಮವನ್ನು ಮೂಸಿತು, ಮುಂಗಾಲು ಎತ್ತಿತು, ಇಟ್ಟಿತು. ಮೊದಲು ಬರೀ ಗೊರಸು. ಆಮೇಲೆ ಭಾರ.

ಹಿಮ ತಡೆಯಿತು.

ಇನ್ನೊಂದು ಕಾಲು. ಅದೂ ನಿಂತಿತು. ಅದರ ಮೈಯೆಲ್ಲಾ ನಡುಗಿತು. ಹಿಂದೆ ಒಂದೊಂದಾಗಿ ಐದೂ ಹಳ್ಳದಿಂದ ಮೇಲೆ ಬಂದವು. ಏಣಿನ ಮೇಲೆ ನಿಂತು ತಿರುಗಿ ನೋಡಿದೆ: ಆ ಕೊನೆಯಿಲ್ಲದ ಬಿಳುಪಿನ ನಡುವೆ, ಒಂದು ಕುದುರೆಯಷ್ಟೇ ಅಗಲದ ದಾರಿಯಲ್ಲಿ, ಬಾಲವಿಲ್ಲದ ಆರು ಕುದುರೆಗಳು ಒಂದರ ಹೆಜ್ಜೆಯಲ್ಲಿ ಇನ್ನೊಂದು ಹೆಜ್ಜೆಯಿಟ್ಟು, ಉಸಿರಿನ ಹೊಗೆ ಬಿಡುತ್ತಾ ಹತ್ತಿ ಬರುತ್ತಿದ್ದವು. ಅತ್ತಿತ್ತ ಒಂದು ಗೇಣು ಕಾಲು ತಪ್ಪಿದರೆ ಮುಳುಗುತ್ತಿದ್ದವು. ಒಂದೂ ತಪ್ಪಲಿಲ್ಲ.

ಇಳಿಯುವ ಕುದುರೆಗೆ ಆಗಷ್ಟೇ ತುಳಿದ ದಾರಿಯೂ ಸಾಕು; ಈಚೆಯ ಇಳಿಜಾರನ್ನು ತುಳಿದು ತುಳಿದು ಅವನ್ನು ಇಳಿಸಿದೆ. ಸಂಜೆಯ ಬೆಳಕಿರುವಾಗಲೇ ಅಂಗಳಕ್ಕೆ ಬಂದೆವು. ಹುಲ್ಲು ಹಾಕಿ ಒಳಗೆ ಹೋದರೆ ದೆಂಬಿರೆಲ್ ಮೊಣಕೈ ಊರಿ ಅರ್ಧ ಎದ್ದು ಕೂತಿದ್ದ.

"ಆರು," ಎಂದ. ಗೊರಸಿನ ಸದ್ದು ಎಣಿಸಿದ್ದ.

"ಆರು."

"ಯಾರು ಹೋದದ್ದು?"

"ಮರಿ."

ಅವನು ತಲೆಯಾಡಿಸಿದ. ಗೋಡೆಯಾಚೆ ಆರು ಬಾಯಿಗಳು ಹುಲ್ಲು ಅಗಿಯುತ್ತಿದ್ದವು. ಎಷ್ಟು ಹೊತ್ತು ಕೇಳಿದರೂ ನಮ್ಮಿಬ್ಬರಿಗೂ ಸಾಕಾಗಲಿಲ್ಲ.